ಮುಂದಕ್ಕೆ ಬಾಗಿದ ರೆಕ್ಕೆ

ಅಪ್ಪ ನನ್ನ ವಿಮಾನದ ರೆಕ್ಕೆ ಕಿತ್ತು ತಿರುಗಾಮುರುಗಾ ಅಂಟಿಸಿದ, ಅದರಿಂದಾಗಿ ನಾನು ಇಂಜಿನಿಯರ್ ಆದೆ. ನಾನು ಪಾಠ ಮಾಡುವ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ ಈ ಕತೆಯನ್ನು ಎಷ್ಟೋ ಸಲ ನಗುನಗುತ್ತ ಹೇಳಿದ್ದೇನೆ. ಚಹಾ ಕುಡಿಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅರ್ಧ ಕತೆ ಮಾತ್ರ ಹೇಳಿದರೆ ಯಾರಾದರೂ ನಗುತ್ತಾರೆ. ಉಳಿದರ್ಧ ನನ್ನ ತಂಗಿಯದು.

ನಮ್ಮದು ಏಕಸಂಬಿ. ಬಸ್ ನಿಲ್ಲುವ ರಸ್ತೆಯಲ್ಲಿ ಅಪ್ಪನ ಜವಳಿ ಅಂಗಡಿ, ಊರ ಹೊರಗೆ ಒಂದಿಷ್ಟು ಕಬ್ಬಿನ ಹೊಲ. ಅಪ್ಪ ಅವ್ವನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ನಾನು ದೊಡ್ಡವಳು, ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ನಮ್ಮ ಬಳಗದಲ್ಲಿ ಆಗ ಹುಡುಗಿಯರ ಓದು ಪಿಯುಸಿಗೆ ಬಂದು ನಿಲ್ಲುತ್ತಿತ್ತು. ಮುಂದೆ ಓದಬಾರದೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ, ಆದರೆ ಯಾರೂ ಓದಿಯೂ ಇರಲಿಲ್ಲ. ನನಗೋ ಬೆಳಗಾವಿಗೆ ಹೋಗಿ ಇಂಜಿನಿಯರಿಂಗ್ ಓದುವ ಹುಚ್ಚು. ಕೇಳಿದಾಗಲೆಲ್ಲ ಅಪ್ಪ ಸಿಟ್ಟು ಮಾಡುತ್ತಿರಲಿಲ್ಲ. ಅರಿವೆ ಅಳೆಯುವ ಕೋಲಿನಿಂದ ನನ್ನ ತಲೆಗೆ ಮೆತ್ತಗೆ ತಟ್ಟಿ, "ಪಿಯುಸಿ ಮುಗೀಲಿ ಬಾಳಾ, ಅಥಣಿ ಕಡೆ ಒಂದ ಛಲೋ ಮನಿ ಐತಿ" ಎನ್ನುತ್ತಿದ್ದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಬಾಳಾ, ಮಗೂ ಎಂದು. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಗುವವನ ಜೊತೆ ಏನು ಜಗಳ! ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದೆಲ್ಲ ಹೋಗಿ ತಂಗಿಯ ಮೇಲೆ ಇಳಿಯುತ್ತಿತ್ತು.

ಎಂಬತ್ತರ ದಶಕದ ನಡುವೆ, ನಾನು ಚಿಕ್ಕೋಡಿಯಲ್ಲಿ ಪಿಯುಸಿ ಎರಡನೇ ವರ್ಷ ಓದುವಾಗ, ಕಾಲೇಜಿನ ಗ್ರಂಥಾಲಯದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಆ ಚಿತ್ರ ನೋಡಿದೆ. ಅಮೆರಿಕದವರು ಪ್ರಯೋಗಕ್ಕೆಂದು ಹಾರಿಸುತ್ತಿದ್ದ ಎಕ್ಸ್-29 ಎಂಬ ಜೆಟ್ ವಿಮಾನ. ನಾನು ನೋಡಿದ್ದ ಜೆಟ್ ಚಿತ್ರಗಳಲ್ಲೆಲ್ಲ ರೆಕ್ಕೆ ಬಾಲದ ಕಡೆಗೆ, ಹಿಂದಕ್ಕೆ ಬಾಗಿರುತ್ತಿತ್ತು. ಇದರ ರೆಕ್ಕೆಗಳು ಮೂತಿಯ ಕಡೆಗೆ, ಮುಂದಕ್ಕೆ ಬಾಗಿದ್ದವು. ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ ಹಾಗೆ ಕಾಣುತ್ತಿತ್ತು. ಸಾಮಾನ್ಯ ರೆಕ್ಕೆಯ ಮೇಲೆ ಗಾಳಿ ತುದಿಯ ಕಡೆಗೆ ಜಾರುತ್ತದೆ, ಇದರಲ್ಲಿ ಬುಡದ ಕಡೆಗೆ ಜಾರುತ್ತದೆ, ಹಾಗಾಗಿ ಮೂತಿ ಎತ್ತಿ ಗರ್ರನೆ ತಿರುಗಿದರೂ ವಿಮಾನದ ಹಿಡಿತ ಸುಲಭಕ್ಕೆ ತಪ್ಪುವುದಿಲ್ಲ ಎಂದು ಬರೆದಿತ್ತು. ಲೇಖನ ಇನ್ನೂ ಮುಂದುವರಿದಿತ್ತು. ಇಂಗ್ಲಿಷ್ ಬಿರುಸಾಗುತ್ತ ಹೋದದ್ದರಿಂದ ಅಲ್ಲಿಗೇ ಬಿಟ್ಟು ಚಿತ್ರವನ್ನು ಮಾತ್ರ ನಕಲು ಮಾಡಿಕೊಂಡೆ.

ಆ ವರ್ಷ ಶ್ರಾವಣದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಾಲೇಜುಗಳೆಲ್ಲ ಸೇರುವ ವಿಜ್ಞಾನ ಪ್ರದರ್ಶನವಿತ್ತು. ನಾನು ಅಪ್ಪನ ಮುಂದೆ ನಿಂತು ಕೇಳಿಯೇಬಿಟ್ಟೆ: "ಮೊದಲ್ನೇ ಬಹುಮಾನ ತಂದ್ರ ಬೆಳಗಾವಿಗೆ ಕಳಸ್ತಿಯೇನ?"

"ಮೊದ್ಲ ತಗೊಂಡ ಬಾ, ಆಮ್ಯಾಲ ನೋಡೂಣು" ಎಂದ ಅಪ್ಪ. ಅವನು ಇಲ್ಲ ಅನ್ನದೆ ಇದ್ದದ್ದು ಅದೇ ಮೊದಲು.

ಅಕ್ಕತಂಗಿ ಇಬ್ಬರೂ ಕೂತು ವಿಮಾನ ಮಾಡಿದೆವು. ಮೈಗೆ ಚಹಾ ಪೆಟ್ಟಿಗೆಯ ತೆಳು ಹಲಗೆ, ರೆಕ್ಕೆಗೆ ಅಂಗಡಿಯ ಸೀರೆ ಡಬ್ಬಿಗಳ ರಟ್ಟು, ಒಳಗೆ ಬಿದಿರಿನ ಸೀಳು. ಬಡಿಗರು ಬಳಸುವ ಸರಸು ಪ್ರಾಣಿಯ ಚರ್ಮ, ಎಲುಬು ಕುದಿಸಿ ಮಾಡುವ ಅಂಟು. ಅದು ನಮ್ಮಂಥ ಜೈನರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ತಂಗಿ ಹೊಲದ ಬದುವಿಗೆ ಹೋಗಿ ಜಾಲಿ ಗಿಡದ ಅಂಟು ಕಿತ್ತು ತಂದು ನೀರಲ್ಲಿ ನೆನೆಸಿ ಕೊಡುತ್ತಿದ್ದಳು. ರಟ್ಟು ಕತ್ತರಿಸಿದವಳೂ ಅವಳೇ. ನನ್ನ ಕೈ ಅವಸರದ್ದು, ಅವಳ ಕೈ ನೆಟ್ಟಗೆ ಹೋಗುತ್ತಿತ್ತು. ಪ್ರದರ್ಶನದ ದಿನ ಸೈಕಲ್ ಟ್ಯೂಬಿನ ರಬ್ಬರು ಎಳೆದು ಕವಣೆಯಂತೆ ಹಾರಿಸುವುದು ನಮ್ಮ ಯೋಚನೆ. ಅಲ್ಲಿಯವರೆಗೆ ಮುರಿಯದಿರಲೆಂದು, ಅಟ್ಟದ ಮೆಟ್ಟಿಲ ಮೇಲಿಂದ ಕೆಳಗೆ ಹಾಸಿದ ಗಾದಿಯ ಮೇಲೆ ಮೆಲ್ಲಗೆ ತೇಲಿಬಿಟ್ಟು ನೋಡುತ್ತಿದ್ದೆವು.

"ಅಕ್ಕಾ, ಇಲ್ಲೆ ನೋಡ" ಎಂದಳು ಒಂದು ಸಲ. "ಹಾರೂ ಮುಂದ ರೆಕ್ಕಿ ತುದಿ ಮ್ಯಾಲಕ ತಿರಚತಾವು."

"ಸುಮ್ಮ ಕುಂಡ್ರ ಬೇ. ಹತ್ತನೇತ್ತಾ ಓದಾಕಿ ನೀ ನನಗ ಕಲಸ್ತಿ?"

ಅವಳು ಹೋಗಿ ವಿಮಾನ ಎತ್ತಿ ತಂದು ಕೊಟ್ಟಳು. ಮುಂದೆ ಪ್ರತಿಸಲ ವಿಮಾನ ಬಿಟ್ಟಾಗಲೂ ಅವಳ ಕಣ್ಣು ಮಾತ್ರ ಆ ತುದಿಗಳ ಮೇಲೇ ಇತ್ತು.

ವಿಮಾನ ಮುಗಿದ ಮೇಲೆ ಅಪ್ಪ ಅದನ್ನು ಹೆಮ್ಮೆಯಿಂದ ಅಂಗಡಿಯಲ್ಲಿ, ತಾನು ಕೂರುವ ಗಾದಿಯ ಹಿಂದೆ ತೂಗುಹಾಕಿದ. ಅದೇ ತಪ್ಪಾಯಿತು ನೋಡಿ. ಬಂದ ಗಿರಾಕಿಗಳೆಲ್ಲ ಚೇಷ್ಟೆಗೆ ಶುರು ಮಾಡಿದರು. "ಸಾವಕಾರ್ರ, ನಿಮ್ಮ ಮಗಳ ವಿಮಾನ ಹಿಂದಕ್ಕ ಹಾರತೈತೇನ್ರಿ?" ಎಂದು ಒಬ್ಬ. ಅಂಕಲಿಯಿಂದ ಮದುವೆ ಅರಿವೆಗೆ ಬಂದವನೊಬ್ಬ, "ತೋಳ ಉಲ್ಟಾ ಹಚ್ಚಿದ ಅಂಗಿ ಕಂಡಂಗ ಕಾಣತೈತಿ ಬಿಡ್ರಿ" ಎಂದ. ಅಪ್ಪ ಅವರ ಜೊತೆ ನಕ್ಕ, ಆದರೆ ಅವನಿಗೆ ಅದು ಚುಚ್ಚಿತು. ಮಗಳು ಪ್ರದರ್ಶನದಲ್ಲಿ ಅಷ್ಟು ಜನರೆದುರು ನಗೆಪಾಟಲಾಗುವುದು ಅವನಿಗೆ ಬೇಡವಾಗಿತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ನಾನು ಮೈಮೇಲೆ ಏರಿ ಬರುತ್ತೇನೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಪ್ರದರ್ಶನದ ಹಿಂದಿನ ದಿನ ನಾನೂ ತಂಗಿಯೂ ಟೇಬಲ್ ಸಜ್ಜು ಮಾಡಿ, ವಿವರಣೆಯ ದೊಡ್ಡ ಹಾಳೆ ಅಂಟಿಸಿ ಬರಲು ಚಿಕ್ಕೋಡಿಗೆ ಹೋಗಿದ್ದೆವು. ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ಒದ್ದೆ ಅರಿವೆ ಸುತ್ತಿಟ್ಟು ಜಾಲಿ ಅಂಟು ಮೆತ್ತಗಾಗಿಸಿ ಎರಡೂ ರೆಕ್ಕೆ ಬಿಡಿಸಿದ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುಗಿಸಿ ಅಂಟಿಸಿ, ಬುಡಕ್ಕೆ ರೇಷ್ಮೆ ದಾರ ಬಿಗಿದ. ನಮಗಿಂತ ಚೊಕ್ಕವಾಗಿ ಮಾಡಿದ್ದ, ಆ ಮಾತು ಹೇಳಲೇಬೇಕು. ಆಮೇಲೆ ಸೀರೆ ಡಬ್ಬಿಯಲ್ಲಿಟ್ಟು, ಪರಊರಿಗೆ ಪಾರ್ಸಲ್ ಕಳಿಸುವಾಗ ಹಾಕುವ ಗಂಟು ಹಾಕಿ ಕಟ್ಟಿದ. ಮರುದಿನ ನಾವು ಅದನ್ನು ಬಿಚ್ಚದೆ ಹಾಗೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು.

ಟೇಬಲ್ ಮುಂದೆ ನಿಂತು ಡಬ್ಬಿ ತೆರೆದೆ. ಹಿಂದಿನ ಗೋಡೆಯ ಹಾಳೆಯ ಮೇಲೆ 'ಮುಂದಕ್ಕೆ ಬಾಗಿದ ರೆಕ್ಕೆಯ ಜೆಟ್ ವಿಮಾನ' ಎಂದು ದಪ್ಪ ಅಕ್ಷರ. ಟೇಬಲ್ ಮೇಲೆ ಸಂತೆಯಲ್ಲಿ ಮಾರುವ ಆಟಿಕೆಯಂಥ ಸಾದಾ ವಿಮಾನ. ಬಿಡಿಸಿ ಅಂಟಿಸಲು ವೇಳೆ ಎಲ್ಲಿ? ಪರೀಕ್ಷಕರು ಪಕ್ಕದ ಟೇಬಲ್‌ಗೆ ಬಂದಾಗಿತ್ತು. ಅವರಲ್ಲಿ ಹಿರಿಯರೊಬ್ಬರು ಹಾಳೆ ನೋಡಿದರು, ವಿಮಾನ ನೋಡಿದರು.

"ಯಾಕವಾ, ಹಾಳ್ಯಾಗ ಒಂದ ಬರದಿ, ಮುಂದ ಒಂದ ಇಟ್ಟಿ? ನಿನಗಾರ ತಿಳದೈತೇನ ಇದು?"

ಸುತ್ತಲಿದ್ದವರೆಲ್ಲ ನಕ್ಕರು. ಹಾರಿಸಿ ತೋರಿಸು ಅನ್ನಲೂ ಇಲ್ಲ, ಅವರು ಮುಂದಿನ ಟೇಬಲ್‌ಗೆ ಹೋದರು. ಆ ಕ್ಷಣಕ್ಕೆ ಬಾಗಿಲಲ್ಲಿ ಅಪ್ಪ ಕಂಡ. ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ಮುಖ ಅರಳಿತ್ತು.

"ಹೆಂಗೈತಿ?" ಎನ್ನುತ್ತ ಹತ್ತಿರ ಬಂದ. "ಇಬ್ರೂ ಕೂಡಿ ರೆಕ್ಕಿ ಉಲ್ಟಾ ಹಚ್ಚಿದ್ರಿ, ಹುಚ್ಚ ಹುಡುಗ್ಯಾರಾ. ನಾ ನೆಟ್ಟಗ ಮಾಡಿ ಕೊಟ್ಟೇನಿ."

ನಾನು ಹಾಲ್‌ನ ಜನರೆಲ್ಲ ತಿರುಗುವಂತೆ ಚೀರಿದೆ. "ತಿಳೀದಿದ್ರ ಕೈ ಹಚ್ಚಬಾರದು! ಅರಿವಿ ಹರಿಯೂದ ಬಿಟ್ಟ ನಿನಗೇನ ತಿಳಿತೈತಿ? ನನ್ನ ಜಲ್ಮಾನ ಹಾಳ ಮಾಡಿದಿ ನೀ!"

"ಹೌದೇನ ಬಾಳಾ?" ಎಂದ ಅಪ್ಪ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹಾಳೆಯ ಮೇಲಿನ ಚಿತ್ರವನ್ನೂ ಟೇಬಲ್ ಮೇಲಿನ ವಿಮಾನವನ್ನೂ ನೋಡುತ್ತ ನಿಂತ. ಬಹುಮಾನ ನಿಪ್ಪಾಣಿಯ ಹುಡುಗನೊಬ್ಬನಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಭಾದ್ರಪದದಲ್ಲಿ ದಶಲಕ್ಷಣ ಪರ್ವದ ವ್ರತಗಳು ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ಅಂದು ದೊಡ್ಡವರು ಚಿಕ್ಕವರು ಎನ್ನದೆ ಒಬ್ಬರಿಗೊಬ್ಬರು ಕೈಮುಗಿದು 'ಉತ್ತಮ ಕ್ಷಮಾ' ಎಂದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತೇವೆ. ಕೇಳಿಸಿಕೊಂಡವರು ಅದೇ ಮಾತನ್ನು ತಿರುಗಿ ಹೇಳಬೇಕು. ಆ ದಿನ ಒಲ್ಲೆ ಅನ್ನುವಂತಿಲ್ಲ. ಎಲ್ಲ ವರ್ಷ ಅದು ಹಬ್ಬದ ನಮಸ್ಕಾರದ ಹಾಗೆ ಸರಸರ ಮುಗಿದುಹೋಗುತ್ತಿತ್ತು. ಆ ವರ್ಷ ಅಪ್ಪ ಬಳಗದವರೆಲ್ಲ ಕೂತಿರುವಾಗ ಎದ್ದು ನನ್ನ ಎದುರು ಬಂದು ನಿಂತ.

"ಉತ್ತಮ ಕ್ಷಮಾ ಬಾಳಾ. ತಿಳೀದ ನಿನ್ನ ರೆಕ್ಕಿ ಕಿತ್ತೇನಿ" ಎಂದ. ಕಣ್ಣಲ್ಲಿ ನೀರಿತ್ತು.

ನಾನು ಗೋಡೆಯ ಕಡೆ ಮುಖ ಮಾಡಿಕೊಂಡು 'ಉತ್ತಮ ಕ್ಷಮಾ' ಅಂದೆ. ಅದು ಬಾಯಿಮಾತು ಎಂದು ಅಪ್ಪನಿಗೂ ತಿಳಿಯಿತು, ತಿಳಿಯಲಿ ಎಂದೇ ಹಾಗೆ ಹೇಳಿದ್ದೆ.

ಪಿಯುಸಿ ಫಲಿತಾಂಶ ಬಂದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಅಥಣಿಯ ಸಂಬಂಧದ ಮಾತು ತಂದರು. ಅಪ್ಪ ಅವರಿಗೆ ಹೇಳಿದ್ದು ಇಷ್ಟೇ: "ಒಮ್ಮಿ ರೆಕ್ಕಿ ಕಿತ್ತ ಕೈ ಇದು. ಮತ್ತ ಕೀಳಾಂಗಿಲ್ಲ. ಆಕಿ ಬೆಳಗಾವಿಗೆ ಹೋಗ್ತಾಳ." ಬಹುಮಾನ ಬಂದಿದ್ದರೂ ಅಪ್ಪ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದನೋ ಇಲ್ಲವೋ. ಬಳಗದ ಹುಡುಗಿಯೊಬ್ಬಳು ಪಿಯುಸಿ ದಾಟಿ ಹೋದದ್ದು ಅದೇ ಮೊದಲು. ಬಸ್ಸಿನವರೆಗೆ ನನ್ನ ಟ್ರಂಕಿನ ಒಂದು ಹಿಡಿಕೆ ಹಿಡಿದು ಬಂದ ತಂಗಿ, "ಇನ್ನೆರಡ ವರ್ಷಕ್ಕ ನಾನೂ ಬರತೇನಿ ಅಕ್ಕಾ. ಇಬ್ರೂ ಕೂಡಿ ಒಂದ ಖೋಲಿ ಹಿಡಿಯೂಣು" ಎಂದಳು. ನಾನು ಹೂಂ ಅಂದೆ.

ಎರಡನೇ ವರ್ಷದಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಅದೇ ವಿಮಾನದ ಬಗ್ಗೆ ಬೇರೊಂದು ಪುಸ್ತಕ ಸಿಕ್ಕಿತು. ಈ ಸಲ ಕೊನೆಯವರೆಗೆ ಓದಿದೆ. ಹಾರುವಾಗ ಯಾವ ರೆಕ್ಕೆಯಾದರೂ ಗಾಳಿಯ ಒತ್ತಡಕ್ಕೆ ಮೇಲಕ್ಕೆ ಬಾಗುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಯಾದರೆ, ಹಾಗೆ ಮೇಲಕ್ಕೆ ಬಾಗಿದಾಗ ಅದರ ತುದಿಯ ಮುಂದಿನ ಅಂಚು ಕೆಳಗಿಳಿದು ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ. ಮುಂದಕ್ಕೆ ಬಾಗಿದ ರೆಕ್ಕೆಯ ತುದಿ ಮೇಲಕ್ಕೆ ತಿರುಚುತ್ತದೆ. ತಿರುಚಿದಷ್ಟೂ ಹೆಚ್ಚು ಗಾಳಿ ಹಿಡಿಯುತ್ತದೆ, ಗಾಳಿ ಹಿಡಿದಷ್ಟೂ ಇನ್ನೂ ತಿರುಚುತ್ತದೆ, ವೇಗ ಮಿತಿ ದಾಟಿದರೆ ಬುಡದಿಂದ ಕಿತ್ತುಹೋಗುತ್ತದೆ. ಅದನ್ನು ತಡೆಯಲು ಅಮೆರಿಕದವರು ಇಂಗಾಲದ ಎಳೆಗಳನ್ನು ಬೇಕಾದ ಓರೆಗೆ ಪದರಪದರವಾಗಿ ಕೂಡಿಸಿದ ಹೊಸ ಬಗೆಯ ರೆಕ್ಕೆ ಮಾಡಿದ್ದರು. ನಾವು ಮಾಡಿದ್ದು ಸೀರೆ ಡಬ್ಬಿಯ ರಟ್ಟಿನದು! ರಬ್ಬರು ಎಳೆದು ಬಿಟ್ಟ ಕೂಡಲೇ, ಪರೀಕ್ಷಕರ ಕಣ್ಣೆದುರೇ ಅದು ಚೂರಾಗಿ ಬೀಳುತ್ತಿತ್ತು. ಬಹುಮಾನದ ಮಾತೇ ಇರುತ್ತಿರಲಿಲ್ಲ. ಅಪ್ಪ ತಿರುಗಿಸಿ ಅಂಟಿಸಿದ್ದು, ಹಾರಿಸಿದ್ದರೆ, ಹಾರುತ್ತಿತ್ತು. ತಂಗಿ ಮೆಟ್ಟಿಲ ಬುಡದಲ್ಲಿ ಕೂತು ಕಂಡದ್ದು ಪುಸ್ತಕದಲ್ಲಿದ್ದದ್ದೇ.

ಮುಂದಿನ ಶನಿವಾರವೇ ಊರಿಗೆ ಹೋದೆ, ಅಪ್ಪನಿಗೆ ಹೇಳಲೆಂದೇ ಹೋದೆ. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಅಪ್ಪ ಕೂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಥಣಿಯವರ ಮಾತು ತೆಗೆದಳು. ಹುಡುಗನ ಮನೆಯವರು ಇನ್ನೂ ಕೇಳುತ್ತಿದ್ದಾರಂತೆ, ಈ ವರ್ಷ ಆಗದಿದ್ದರೆ ಬೇರೆ ಕಡೆ ನೋಡುತ್ತಾರಂತೆ. ಅಪ್ಪ ಇಲ್ಲ ಅನ್ನಲಿಲ್ಲ, ಯೋಚಿಸುತ್ತ ರೊಟ್ಟಿ ಮುರಿದ. ಹೇಳಲು ಬಂದದ್ದನ್ನು ನುಂಗಿಕೊಂಡು, "ಮತ್ತ ನನ್ನ ರೆಕ್ಕಿ ಕೀಳಾಕ ಕುಂತಿ ಏನ ಅಪ್ಪಾ?" ಅಂದೆ.

ಅಪ್ಪ ತುತ್ತು ತಟ್ಟೆಯಲ್ಲೇ ಬಿಟ್ಟ. "ಇಲ್ಲ ಬಾಳಾ, ಇಲ್ಲ" ಎಂದ. ಆ ಸಂಬಂಧದ ಸುದ್ದಿ ಮತ್ತೆ ಮನೆಯಲ್ಲಿ ಬರಲಿಲ್ಲ.

ಎಷ್ಟು ಸುಲಭವಾಗಿತ್ತು! ಆಮೇಲೆ ನಾಚಿಕೆಯಿಲ್ಲದೆ ಅದನ್ನೇ ರೂಢಿ ಮಾಡಿಕೊಂಡೆ. ಹಾಸ್ಟೆಲ್ಲಿನ ಹುಡುಗಿಯರ ಜೊತೆ ಬೆಂಗಳೂರು ನೋಡಲು ಹೋಗಬೇಕೆಂದಾಗ, ಸೀರೆ ಉಡುವುದಿಲ್ಲ ಚೂಡಿದಾರ್ ಹಾಕುತ್ತೇನೆ ಎಂದಾಗ, ಅಪ್ಪನ ಮುಖದಲ್ಲಿ ಒಂದಿಷ್ಟು ಹಿಂಜರಿಕೆ ಕಂಡರೆ ಸಾಕು, ರೆಕ್ಕೆಯ ಮಾತು ನನ್ನ ಬಾಯಿಂದ ಬರುತ್ತಿತ್ತು. ಅವನು ಏನೂ ತಪ್ಪು ಮಾಡಿಲ್ಲವೆಂದು ಗೊತ್ತಿದ್ದೂ ಗೊತ್ತಿದ್ದೂ ಆಡುತ್ತಿದ್ದೆ. ಹಾಸ್ಟೆಲ್ಲಿಗೆ ಮರಳುವ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಹೇಸಿಕೆ ಬರುತ್ತಿತ್ತು. ಬೆಳಗಾವಿ ಬರುವಷ್ಟರಲ್ಲಿ ಅದು ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ತಂಗಿಯ ಪಿಯುಸಿ ಮುಗಿಯಿತು. ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಕಾಗವಾಡದ ಕಡೆ ದ್ರಾಕ್ಷಿ ತೋಟದವರ ಮನೆಯಿಂದ ಸಂಬಂಧ ಬಂತು, ಒಳ್ಳೆಯ ಜನ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಅವಳು ನನ್ನ ಹತ್ತಿರ ಬಂದು ಕೂತಳು.

"ಅಕ್ಕಾ, ನೀ ಅಪ್ಪಗ ಒಂದ ಮಾತ ಹೇಳ. ನಿಂದಂದ್ರ ಕೇಳತಾನ."

ನಾನು ಕೆಳಗಿಳಿದು ಹೋಗಿ ಕೇಳಿದೆ, ಕೇಳಲಿಲ್ಲವೆಂದಲ್ಲ. ಅಪ್ಪ ಸೀರೆ ಮಡಚುತ್ತಿದ್ದವನು ತಲೆ ಎತ್ತಿದ.

"ನಿಂದ ಬ್ಯಾರೆ ಬಾಳಾ. ನಿನಗ ನಾ ತಪ್ಪ ಮಾಡಿದ್ದೆ, ಅದನ್ನ ತೀರಸಾಕತ್ತೇನಿ. ಆಕಿಗೇನ ಮಾಡೇನಿ?"

ಇದಕ್ಕೆ ಉತ್ತರ ನನ್ನ ನಾಲಿಗೆಯ ಮೇಲಿತ್ತು. ಅಪ್ಪಾ, ನನಗೂ ನೀನು ಏನೂ ಮಾಡಿಲ್ಲ, ಸುಮ್ಮನೆ ಕಳಿಸಿದ್ದೀ, ಅವಳನ್ನೂ ಹಾಗೇ ಸುಮ್ಮನೆ ಕಳಿಸು ಎನ್ನಬೇಕಿತ್ತು. ಆದರೆ ನನ್ನದು ಇನ್ನೂ ಎರಡು ವರ್ಷ ಉಳಿದಿತ್ತು. ತಪ್ಪೇ ಇಲ್ಲ ಅಂದಮೇಲೆ ತೀರಿಸುವುದೇನು ಎಂದು ಅಪ್ಪ ನನ್ನನ್ನೂ ಕರೆಸಿಕೊಂಡರೆ? ಮಾಳಿಗೆಗೆ ಹೋಗಿ, "ಕೇಳಿದ್ನೆವಾ, ಒಪ್ಪಲಿಲ್ಲ" ಎಂದೆ. ತಂಗಿ ಹೌದಾ ಎಂದು ಮತ್ತೆ ಮೆಣಸಿನಕಾಯಿ ಹರವಿದಳು. ದೀಪಾವಳಿ ಕಳೆದ ಮೇಲೆ ಮದುವೆಯಾಯಿತು.

ನನಗೆ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಸಿಕ್ಕಿತು. ನನಗೆ ಬೇಕಾದಾಗ, ಬೇಕಾದವನನ್ನು ಮದುವೆಯಾದೆ. ತಂಗಿ ಕಾಗವಾಡದಲ್ಲಿ ತೋಟ, ಆಳುಕಾಳು, ಎರಡು ಮಕ್ಕಳು ಎಂದು ಮುಳುಗಿಹೋದಳು. ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ವರ್ಷವರ್ಷವೂ ಕ್ಷಮಾವಣಿಗೆ ಇಬ್ಬರೂ ತವರಿಗೆ ಬರುತ್ತಿದ್ದೆವು, ಅಪ್ಪ ನನ್ನೆದುರು ಕೈಮುಗಿದು ರೆಕ್ಕೆಯ ಮಾತಾಡುತ್ತಿದ್ದ, ಎಲ್ಲರೂ ನಗುತ್ತಿದ್ದರು. ತಂಗಿಯ ಸರದಿ ಬಂದಾಗ ಬರೀ 'ಉತ್ತಮ ಕ್ಷಮಾ' ಎಂದು ಮುಂದೆ ಹೋಗುತ್ತಿದ್ದ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ರಷ್ಯಾದವರೂ ಮುಂದಕ್ಕೆ ಬಾಗಿದ ರೆಕ್ಕೆಯ ಜೆಟ್ ಒಂದನ್ನು ಹಾರಿಸಿದರು. ಕಪ್ಪು ಬಣ್ಣದ ಭಾರಿ ವಿಮಾನ. ಪತ್ರಿಕೆಯಲ್ಲಿ ಬಂದ ಅದರ ಚಿತ್ರ ಕತ್ತರಿಸಿಕೊಂಡು ಆ ವರ್ಷ ಊರಿಗೆ ಹೋದೆ. ಇನ್ನಾದರೂ ಹೇಳಿಬಿಡಬೇಕೆಂದು ನಿರ್ಧರಿಸಿದ್ದೆ. ಅದರಲ್ಲಿ ನನ್ನ ದೊಡ್ಡತನವೇನಿಲ್ಲ. ಹೇಳಿದರೆ ನನ್ನಿಂದ ಯಾರೂ ಕಸಿದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ, ಅದಕ್ಕೇ ಧೈರ್ಯ ಬಂದಿತ್ತು.

ಬಸದಿಯಿಂದ ಬಂದು ಪಡಸಾಲೆಯಲ್ಲಿ ಕೂತಿದ್ದೆವು, ಅಪ್ಪ, ನಾನು, ತಂಗಿ. ಅವ್ವ ಒಳಗಿದ್ದಳು. ಅಪ್ಪ ಎಂದಿನಂತೆ ಕೈಮುಗಿದು ಶುರುಮಾಡಿದ. ನಾನು ತಡೆದು, ಚಿತ್ರವನ್ನು ಅವನ ಕೈಗಿಟ್ಟೆ. ಮದುವೆಯ ಕರೆಯೋಲೆಯೊಂದನ್ನು ತೆಗೆದುಕೊಂಡು ಓರೆಯಾಗಿ ಕತ್ತರಿಸಿ, ತುದಿ ಹೇಗೆ ತಿರುಚುತ್ತದೆಂದು ತೋರಿಸಿದೆ.

"ನೀ ಕೈ ಹಚ್ಚದಿದ್ರೂ ಅದು ಮುರದ ಬೀಳತಿತ್ತು ಅಪ್ಪಾ. ನೀ ಹಚ್ಚಿದ್ದ ರೆಕ್ಕೀನ ಬರೋಬ್ಬರಿ ಹಾರತಿತ್ತು. ನಾ ಎರಡನೇ ವರ್ಷ ಓದೂ ಮುಂದನ ಇದನ್ನ ತಿಳಕೊಂಡಿದ್ದೆ. ನಿನಗ ಹೇಳಲಿಲ್ಲ."

"ಹಂಗಾರ ನಂದೇನೂ ತಪ್ಪ ಇದ್ದಿಲ್ಲ?" ಎಂದ ಅಪ್ಪ. ಮುಖ ಒಮ್ಮೆ ಹಗುರಾಯಿತು, ನಕ್ಕ. ನಗುತ್ತಿದ್ದವನು ನಡುವೆಯೇ ನಿಂತ. ನಿಧಾನಕ್ಕೆ ತಂಗಿಯ ಕಡೆ ತಿರುಗಿ, ಕುಳಿತಲ್ಲಿಂದಲೇ ಕೈ ಜೋಡಿಸಿದ.

"ಉತ್ತಮ ಕ್ಷಮಾ ಅವ್ವಾ. ನಿನಗ ಮಾಡಿದ್ದ ನಾ ಒಂದ ದಿನಾನೂ ವಿಚಾರ ಮಾಡಲಿಲ್ಲ."

ತಂಗಿ ಮಗನ ಅಂಗಿಯ ಗುಂಡಿ ಹಚ್ಚುತ್ತಿದ್ದಳು. ದಾರ ಹಲ್ಲಿನಿಂದ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ನಂದೂ ಏನರ ಒಂದ ಮುರೀಬೇಕಾಗಿತ್ತು ನೋಡಪ್ಪಾ ನೀ" ಎಂದು ನಕ್ಕಳು. ಆಮೇಲೆ ಅವನ ಜೋಡಿಸಿದ ಕೈಗಳಿಗೆ ತನ್ನ ಹಣೆ ಹಚ್ಚಿ, "ಉತ್ತಮ ಕ್ಷಮಾ" ಎಂದಳು. ನಾನು ಎಂದೂ ಅಪ್ಪನಿಗೆ ಹಾಗೆ ಹೇಳಿರಲಿಲ್ಲ.

ಈಗ ನನ್ನ ಸರದಿ. ನಾನು ಅವಳ ಎದುರು ಹೋಗಿ ಕೂತು ಕೈಮುಗಿದೆ. ತಂಗಿ ನನ್ನ ಎರಡೂ ಕೈ ಹಿಡಿದು, ಬಿಡಿಸಿ, ನನ್ನ ತೊಡೆಯ ಮೇಲಿಟ್ಟಳು. ಸಿಟ್ಟಿನಿಂದ ಅಲ್ಲ, ಮಗುವಿನ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಹಾಗೆ.

"ನೀ ಬ್ಯಾಡ ಅಕ್ಕಾ" ಎಂದಳು. "ಅಪ್ಪಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು."